ಮಸ್ಕಿಯ ಬಂಡೆಯೂ ಚಂದ್ರನ ಚಿತ್ರವೂ

ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ದಾರಿಯಲ್ಲಿ ಮಸ್ಕಿ ಎಂಬ ಊರು ಇದೆ. ಅಲ್ಲಿಯ ಗುಡ್ಡದ ಒಂದು ಬಂಡೆಯ ಮೇಲೆ ಸುಮಾರು 2,250 ವರ್ಷಗಳ ಹಿಂದೆ ಕೊರೆದ ಕೆಲವು ಸಾಲುಗಳಿವೆ. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರರು ಚಿನ್ನವನ್ನು ಅರಸುತ್ತ ಬಂದು ಇವನ್ನು ಕಂಡರು. ಅಕ್ಷರ ಬ್ರಾಹ್ಮೀ, ಭಾಷೆ ಪ್ರಾಕೃತ, ಬರೆಯಿಸಿದವನು ಅಶೋಕ ಚಕ್ರವರ್ತಿ.

ತಾನು ಬುದ್ಧನ ಅನುಯಾಯಿಯಾಗಿ ಎರಡೂವರೆ ವರ್ಷಗಳಿಗೆ ಮೀರಿತೆಂದೂ, ಧರ್ಮದಲ್ಲಿ ನಡೆದರೆ ದೊಡ್ಡವರಷ್ಟೇ ಅಲ್ಲ, ಸಣ್ಣವರೂ ಮೇಲಿನ ಪದವಿಯನ್ನು ಪಡೆಯಬಲ್ಲರೆಂದೂ ಅರಸನು ಅಲ್ಲಿ ಹೇಳಿದ್ದಾನೆ. ಇದೇ ಸಂದೇಶವು ಕೊಪ್ಪಳದ ಗವಿಮಠ, ಪಾಲ್ಕಿಗುಂಡುಗಳಲ್ಲಿಯೂ ಚಿತ್ರದುರ್ಗದ ಕಡೆಯ ಬ್ರಹ್ಮಗಿರಿಯಲ್ಲಿಯೂ ಇದೆ. ಒಂದೇ ಮಾತನ್ನು ನಾಡಿನ ಹಲವೆಡೆ ಸಾರುವುದು ಎಂದರೇನು? ಅದು ರಾಜ್ಯದ ಪ್ರಚಾರವೇ ಸರಿ.

ಪ್ರಚಾರವೆಂದೊಡನೆ ಸುಳ್ಳೆಂದು ತಿಳಿಯಬೇಕಾಗಿಲ್ಲ. ನಿಜವೆಂದು ನಂಬಬೇಕಾಗಿಯೂ ಇಲ್ಲ. ಅದಕ್ಕೆ ಎರಡು ಪ್ರಶ್ನೆಗಳನ್ನು ಹಾಕಬೇಕು.

ಮೊದಲನೆಯದು: ಬೇರೆ ಸಾಕ್ಷಿ ಉಂಟೆ? 1837ರಲ್ಲಿ ಪ್ರಿನ್ಸೆಪ್ ಎಂಬವರು ಬ್ರಾಹ್ಮೀ ಲಿಪಿಯನ್ನು ಓದಿದಾಗ ಶಾಸನಗಳಲ್ಲಿ ಕಂಡುದು 'ದೇವಾನಂಪಿಯ ಪಿಯದಸಿ' ಎಂಬ ಬಿರುದು ಮಾತ್ರ. ಅವನೇ ಅಶೋಕನೆಂದು ಟರ್ನರ್ ಎಂಬವರು ಸಿಂಹಳದ ಗ್ರಂಥಗಳ ಆಧಾರದಿಂದ ಊಹಿಸಿದರು. ಎಪ್ಪತ್ತೆಂಟು ವರ್ಷಗಳ ಮೇಲೆ ಮಸ್ಕಿಯ ಬಂಡೆಯಲ್ಲಿ 'ಅಶೋಕ' ಎಂಬ ಹೆಸರೇ ದೊರೆಯಿತು. ಮುಂದೆ ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೋಳಗಳಲ್ಲಿಯೂ ಅದೇ ಹೆಸರು ಕಂಡಿತು. ಊಹೆ ಸಿದ್ಧಾಂತವಾಗುವ ಬಗೆ ಇದು.

ಎರಡನೆಯದು: ಹೇಳದೆ ಬಿಟ್ಟುದೇನು? ಕಳಿಂಗ ಯುದ್ಧದಲ್ಲಿ ಒಂದು ಲಕ್ಷ ಜನರು ಸತ್ತರೆಂದು ಅಶೋಕನೇ ತನ್ನ ಹದಿಮೂರನೆಯ ಶಾಸನದಲ್ಲಿ ಪಶ್ಚಾತ್ತಾಪದಿಂದ ಬರೆಯಿಸಿದನು. ಆದರೆ ಕಳಿಂಗ ನಾಡಿನದೇ ಆದ ಧೌಳಿ, ಜೌಗಡಗಳ ಬಂಡೆಗಳಲ್ಲಿ ಆ ಶಾಸನವಿಲ್ಲ! ಅದರ ಸ್ಥಳದಲ್ಲಿ ಬೇರೆ ಆಜ್ಞೆಗಳಿವೆ. ಸೋತವರ ಕಣ್ಣೆದುರಿಗೆ ಅವರ ಸಾವಿನ ಲೆಕ್ಕವನ್ನು ಇಡಲಿಲ್ಲ.

ಈಗ ಬಂಡೆಯ ಕೆಲಸವನ್ನು ನಮ್ಮ ಅಂಗೈಯ ಮೊಬೈಲು ಮಾಡುತ್ತಿದೆ. 2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3 ಇಳಿಯುವುದನ್ನು ಇಸ್ರೋ ಸಂಸ್ಥೆಯ ಯೂಟ್ಯೂಬ್ ವಾಹಿನಿಯಲ್ಲಿ ನಾವೂ ನೋಡಿದೆವು. ಏಕಕಾಲಕ್ಕೆ ಎಂಬತ್ತು ಲಕ್ಷಕ್ಕೂ ಮೀರಿ ವೀಕ್ಷಣೆಗಳು ದಾಖಲಾದುವು. ತೆರೆಯ ಮೇಲೆ ನೌಕೆಯ ಎತ್ತರ, ವೇಗಗಳ ಅಂಕಿಗಳು ಇಳಿಯುತ್ತಿದ್ದುವು. ಕೊನೆಗೆ ಧ್ವಜವನ್ನು ಬೀಸುವ ಪ್ರಧಾನಮಂತ್ರಿಗಳೂ ಕಾಣಿಸಿಕೊಂಡರು. ವಿಜ್ಞಾನವೂ ಪ್ರಚಾರವೂ ಒಂದೇ ಚೌಕಟ್ಟಿನಲ್ಲಿ ಇದ್ದುವು. ಬೇರ್ಪಡಿಸುವುದು ಹೇಗೆ?

ಅದೇ ಎರಡು ಪ್ರಶ್ನೆಗಳನ್ನು ಹಾಕೋಣ. ನಾಲ್ಕು ದಿನಗಳ ಮೇಲೆ, ಚಂದ್ರನನ್ನು ಸುತ್ತುತ್ತಿರುವ ನಾಸಾದ ಉಪಗ್ರಹವು ವಿಕ್ರಮ್ ನೌಕೆಯ ಚಿತ್ರವನ್ನು ತೆಗೆಯಿತು. ನೌಕೆಯ ಎಂಜಿನ್ನುಗಳ ಜ್ವಾಲೆಯು ನೆಲದ ಧೂಳನ್ನು ಕೆದಕಿದುದರಿಂದ ಸುತ್ತಲೂ ಬೆಳ್ಳನೆಯ ವಲಯವೊಂದು ಮೂಡಿತ್ತು. ಸ್ವತಂತ್ರ ಸಾಕ್ಷಿ ದೊರೆಯಿತು; ವಿಜಯವು ನಿಜ.

ಇನ್ನು ಎರಡನೆಯ ಪ್ರಶ್ನೆ. ಗೆಲುವಿನ ಚಿತ್ರವನ್ನು ಎಲ್ಲರೂ ಮತ್ತೆ ಮತ್ತೆ ತೋರಿಸುವರು, ಸೋಲಿನದನ್ನು ತೋರಿಸುವವರು ವಿರಳ. 2019ರ ಸೆಪ್ಟೆಂಬರ್ 7ರಂದು ಚಂದ್ರಯಾನ-2ರ ನೌಕೆಯು ಇಳಿಯುವಾಗ ಸಂಪರ್ಕ ತಪ್ಪಿ ನೆಲಕ್ಕೆ ಬಡಿಯಿತು. ಚೆನ್ನೈಯ ಎಂಜಿನಿಯರರೊಬ್ಬರು, ನಾಸಾ ಎಲ್ಲರಿಗೂ ತೆರೆದಿಟ್ಟ ಹಿಂದಿನ ಮತ್ತು ಮುಂದಿನ ಚಿತ್ರಗಳನ್ನು ಮನೆಯಲ್ಲಿ ಕುಳಿತು ಹೋಲಿಸಿ ನೋಡಿ, ಅದರ ಮೊದಲ ಚೂರನ್ನು ಗುರುತಿಸಿದರು. ಡಿಸೆಂಬರಿನಲ್ಲಿ ನಾಸಾ ಅದನ್ನು ಒಪ್ಪಿ ಪ್ರಕಟಿಸಿತು.

ವಿದ್ಯಾರ್ಥಿಗಳೇ, ಆ ಚಿತ್ರಗಳು ಇಂದಿಗೂ ಎಲ್ಲರಿಗೂ ತೆರೆದಿವೆ. ವಿಡಿಯೋ ಮುಗಿದೊಡನೆ ಮುಂದಿನದಕ್ಕೆ ಬೆರಳು ಸರಿಸದೆ, ಈ ಎರಡು ಪ್ರಶ್ನೆಗಳನ್ನು ಹಾಕಿ ನೋಡಿರಿ. ಶ್ರಮಿಸಿದರೆ ಸಣ್ಣವರಿಗೂ ಸಾಧ್ಯವೆಂದು ನಮ್ಮ ಮಸ್ಕಿಯ ಬಂಡೆ ಹೇಳುತ್ತದೆ. ಆ ಮಾತೂ ಅರಸನ ಪ್ರಚಾರವೇ. ಆದರೆ ಅದಕ್ಕೆ ಚೆನ್ನೈಯಿಂದ ಒಂದು ಸಾಕ್ಷಿ ದೊರೆತಿದೆ.