ಮನೆಗೊಂದೇ ಕಂಪ್ಯೂಟರ್, ಕೂರುವವರು ನಾಲ್ವರು

ಮಗಳು ಸಿಇಟಿ ಅರ್ಜಿ ತುಂಬಲು ಬ್ರೌಸರ್ ತೆರೆದರೆ ಅಪ್ಪನ ಬ್ಯಾಂಕಿನ ಇಮೇಲ್‌ಗಳು ಎದುರಾಗುತ್ತವೆ. ಅಮ್ಮ ಯೂಟ್ಯೂಬಿನಲ್ಲಿ ದಾಸರ ಪದ ಹುಡುಕಿದರೆ ಪಕ್ಕದಲ್ಲಿ ಮಗ ನೋಡುವ ವಿಡಿಯೋ ಗೇಮ್‌ಗಳ ಸಾಲು ಕಾಣಿಸುತ್ತದೆ. ಅಣ್ಣ ಕಳಿಸಿದ ಕೆಲಸದ ಅರ್ಜಿ ತಂಗಿಯ ವಿಳಾಸದಿಂದ ಹೋಗಿರುತ್ತದೆ. ಒಂದೇ ಕಂಪ್ಯೂಟರ್ ಇರುವ ಮನೆಗಳಲ್ಲಿ ಈ ತಕರಾರು ಇದ್ದದ್ದೇ. ಯಾರನ್ನು ದೂರಿಯೂ ಫಲವಿಲ್ಲ. ಎದುರಿಗೆ ಕೂತವರು ಯಾರೆಂಬುದು ಬ್ರೌಸರಿಗೆ ಗೊತ್ತೇ ಇರುವುದಿಲ್ಲ. ಅದಕ್ಕೆ ಗೊತ್ತಿರುವುದು ಒಂದು ಫೋಲ್ಡರ್ ಮಾತ್ರ.

ಆ ಫೋಲ್ಡರೇ ಪ್ರೊಫೈಲ್. ಫೈರ್‌ಫಾಕ್ಸ್‌ನ ಪ್ರೊಫೈಲ್ ಒಂದನ್ನು ತೆರೆದು ನೋಡಿದರೆ ಹತ್ತಾರು ಫೈಲುಗಳು ಸಿಗುತ್ತವೆ. ‘ಪ್ಲೇಸಸ್’ ಎಂಬುದರಲ್ಲಿ ನೀವು ನೋಡಿದ ಪುಟಗಳ ಪಟ್ಟಿ ಮತ್ತು ಬುಕ್‌ಮಾರ್ಕ್‌ಗಳು. ‘ಲಾಗಿನ್ಸ್’ನಲ್ಲಿ ಉಳಿಸಿಟ್ಟ ಪಾಸ್‌ವರ್ಡ್‌ಗಳು, ಗೂಢಲಿಪಿಯಲ್ಲಿ. ಆ ಲಿಪಿಯನ್ನು ಬಿಡಿಸುವ ಕೀಲಿ ಅದೇ ಫೋಲ್ಡರಿನಲ್ಲಿ, ‘ಕೀ4’ ಎಂಬ ಫೈಲಿನಲ್ಲಿ. ‘ಕುಕೀಸ್’ ಫೈಲಿನಲ್ಲಿ ನಿಮ್ಮ ಗುರುತು. ನೆಟ್‌ಸ್ಕೇಪ್ ಕಂಪನಿಯಲ್ಲಿದ್ದ ಲೂ ಮೊಂಟುಲಿ 1994ರಲ್ಲಿ ರೂಪಿಸಿದ ಕುಕಿ ಎಂಬುದು ಒಂದು ತುಣುಕು ಮಾಹಿತಿ, ಅಷ್ಟೇ. ನೀವು ಪಾಸ್‌ವರ್ಡ್ ಕೊಟ್ಟು ಜಿಮೇಲ್ ಒಳಗೆ ಹೋದಾಗ ಸರ್ವರ್ ಒಂದು ಉದ್ದನೆಯ ಅಕ್ಷರಮಾಲೆಯನ್ನು ಬ್ರೌಸರಿನ ಕೈಗೆ ಕೊಡುತ್ತದೆ. ಮುಂದಿನ ಪ್ರತಿ ಸಲವೂ ಬ್ರೌಸರ್ ಅದನ್ನು ತೋರಿಸುತ್ತದೆ, ಸರ್ವರ್ ಒಳಗೆ ಬಿಡುತ್ತದೆ. ಮೌಸ್ ಹಿಡಿದಿರುವುದು ಅಪ್ಪನೋ ಮಗಳೋ ಎಂದು ಕೇಳುವವರಿಲ್ಲ.

ಒಂದೇ ಯಂತ್ರವನ್ನು ಹಲವರು ಬಳಸುವ ಪಾಡು ಹೊಸದಲ್ಲ. ಇಮೇಲ್ ಹುಟ್ಟಿದ್ದೇ ಅಂಥ ಯಂತ್ರದಲ್ಲಿ. ಅಮೆರಿಕದ ಎಂಐಟಿಯಲ್ಲಿ ಫರ್ನಾಂಡೊ ಕೊರ್ಬಾಟೊ ಮತ್ತು ಸಂಗಡಿಗರು 1961ರಲ್ಲಿ ಸಿಟಿಎಸ್ಎಸ್ ಎಂಬ ವ್ಯವಸ್ಥೆಯನ್ನು ಮಾಡಿ ತೋರಿಸಿದರು. ಕೋಣೆ ತುಂಬುವ ಐಬಿಎಂ ಯಂತ್ರ ಒಂದೇ. ಅದಕ್ಕೆ ಜೋಡಿಸಿದ ಟರ್ಮಿನಲ್‌ಗಳ ಮುಂದೆ ಹಲವರು. ಯಂತ್ರ ಒಬ್ಬರ ಕೆಲಸದಿಂದ ಇನ್ನೊಬ್ಬರ ಕೆಲಸಕ್ಕೆ ಬೇಗಬೇಗ ಜಿಗಿಯುತ್ತಿದ್ದರಿಂದ ಪ್ರತಿಯೊಬ್ಬರಿಗೂ ಅದು ತಮ್ಮೊಬ್ಬರದೇ ಅನ್ನಿಸುತ್ತಿತ್ತು. ಒಬ್ಬರ ಫೈಲು ಇನ್ನೊಬ್ಬರಿಗೆ ಸಿಗದಿರಲೆಂದು ಪಾಸ್‌ವರ್ಡ್ ಬಂತು. 1965ರಲ್ಲಿ ಟಾಮ್ ವ್ಯಾನ್ ವ್ಲೆಕ್ ಮತ್ತು ನೋಯಲ್ ಮಾರಿಸ್ ಅದಕ್ಕೊಂದು ‘ಮೇಲ್’ ಕಮಾಂಡ್ ಬರೆದರು. ಪತ್ರ ಯಂತ್ರದಿಂದ ಆಚೆ ಹೋಗುತ್ತಲೇ ಇರಲಿಲ್ಲ, ಅಲ್ಲೇ ಇದ್ದ ಮತ್ತೊಬ್ಬರ ಫೈಲಿಗೆ ಸೇರಿಕೊಳ್ಳುತ್ತಿತ್ತು. ರೇ ಟಾಮ್ಲಿನ್‌ಸನ್ ಆ್ಯಟ್ ಚಿಹ್ನೆ ಬಳಸಿ ಒಂದು ಯಂತ್ರದಿಂದ ಇನ್ನೊಂದಕ್ಕೆ ಪತ್ರ ಕಳಿಸಿದ್ದು ಆಮೇಲೆ, 1971ರಲ್ಲಿ.

ಹಂಚಿಕೊಂಡರೆ ಆಗುವ ಅನಾಹುತವೂ ಅಲ್ಲೇ ಆಯಿತು. ಒಂದು ದಿನ ಲಾಗಿನ್ ಆದವರಿಗೆಲ್ಲ ಎಂದಿನ ‘ಈ ದಿನದ ಸೂಚನೆ’ಯ ಬದಲು ಎಲ್ಲ ಬಳಕೆದಾರರ ಪಾಸ್‌ವರ್ಡ್‌ಗಳ ಪಟ್ಟಿಯೇ ಟರ್ಮಿನಲ್‌ನಲ್ಲಿ ಅಚ್ಚಾಗತೊಡಗಿತು. ಯಾರೂ ಕನ್ನ ಹಾಕಿರಲಿಲ್ಲ. ಇಬ್ಬರು ಸಿಬ್ಬಂದಿ ಒಂದೇ ಖಾತೆಯಲ್ಲಿ, ಒಂದೇ ಹೊತ್ತಿನಲ್ಲಿ ಕೆಲಸಕ್ಕೆ ಕೂತಿದ್ದರು. ಒಬ್ಬರು ಸೂಚನೆಯನ್ನು ತಿದ್ದುತ್ತಿದ್ದರು, ಇನ್ನೊಬ್ಬರು ಪಾಸ್‌ವರ್ಡ್ ಫೈಲನ್ನು. ತಿದ್ದುವ ತಂತ್ರಾಂಶ ನಡುವೆ ಒಂದು ತಾತ್ಕಾಲಿಕ ಫೈಲ್ ಮಾಡಿಕೊಳ್ಳುತ್ತಿತ್ತು. ಅದರ ಹೆಸರು ಯಾವಾಗಲೂ ಒಂದೇ. ಒಂದು ಖಾತೆಯನ್ನು ಒಂದು ಸಲಕ್ಕೆ ಒಬ್ಬರೇ ಬಳಸುತ್ತಾರೆ ಎಂದು ನಂಬಿ ಅದನ್ನು ಬರೆದಿದ್ದರು. ಇಬ್ಬರ ತಾತ್ಕಾಲಿಕ ಫೈಲುಗಳು ಅದಲುಬದಲಾದವು. ಕೊರ್ಬಾಟೊ ತಮ್ಮ ಟ್ಯೂರಿಂಗ್ ಪ್ರಶಸ್ತಿ ಉಪನ್ಯಾಸದಲ್ಲಿ ಈ ಪ್ರಸಂಗವನ್ನು ಬಿಡಿಸಿ ಹೇಳಿದ್ದಾರೆ.

ಇಂದಿನ ಬ್ರೌಸರ್‌ಗಳೂ ಅದೇ ನಂಬಿಕೆಯ ಮೇಲೆ ನಿಂತಿವೆ: ಒಂದು ಪ್ರೊಫೈಲ್, ಒಂದು ಸಲಕ್ಕೆ ಒಬ್ಬರು. ವ್ಯತ್ಯಾಸವೆಂದರೆ ಈಗ ಅವು ಕಾವಲು ಹಾಕಿಕೊಳ್ಳುತ್ತವೆ. ಫೈರ್‌ಫಾಕ್ಸ್ ಶುರುವಾದೊಡನೆ ಪ್ರೊಫೈಲ್ ಫೋಲ್ಡರನ್ನು ಒಂದು ಲಾಕ್ ಫೈಲಿನಿಂದ ಹಿಡಿದಿಟ್ಟುಕೊಳ್ಳುತ್ತದೆ. ಮನೆಮಂದಿಯ ಬುಕ್‌ಮಾರ್ಕ್‌ಗಳು ಒಂದೇ ಕಡೆ ಇರಲಿ ಎಂದು ಎಲ್ಲರ ವಿಂಡೋಸ್ ಖಾತೆಗೂ ಒಂದೇ ಪ್ರೊಫೈಲ್ ಫೋಲ್ಡರ್ ತೋರಿಸಿಕೊಟ್ಟವರು ಇದನ್ನು ಅನುಭವಿಸಿಯೇ ಇರುತ್ತಾರೆ. ಅಪ್ಪ ಬ್ರೌಸರ್ ಮುಚ್ಚದೆ ಎದ್ದುಹೋಗಿ, ಮಗ ತನ್ನ ಖಾತೆಗೆ ಬದಲಾಯಿಸಿದರೆ, ಫೈರ್‌ಫಾಕ್ಸ್ ಈಗಾಗಲೇ ನಡೆಯುತ್ತಿದೆ ಎಂಬ ಸಂದೇಶ ಬಂದು ಕೆಲಸ ನಿಲ್ಲುತ್ತದೆ. ಕಿರಿಕಿರಿಯೇ, ಆದರೆ ಆ ತಡೆ ಇಲ್ಲದಿದ್ದರೆ ಇಬ್ಬರ ಬರಹ ಒಂದರ ಮೇಲೊಂದು ಬಿದ್ದು ಇಡೀ ಫೈಲು ಕೆಡುತ್ತಿತ್ತು.

ಇಮೇಲ್ ವಿಚಾರದಲ್ಲಿ ಗೊಂದಲ ಇನ್ನೂ ಒಂದು ಕೈ ಹೆಚ್ಚು. ಸಂಘವೊಂದಕ್ಕೆ ಒಂದೇ ವಿಳಾಸವಿದೆ, ಕಾರ್ಯದರ್ಶಿಯೂ ಖಜಾಂಚಿಯೂ ಅದನ್ನು ನೋಡಬೇಕು ಎನ್ನೋಣ. ಹಳೆಯ ಪದ್ಧತಿಯಾದ ಪಾಪ್‌ನಲ್ಲಿ ಥಂಡರ್‌ಬರ್ಡ್‌ನಂಥ ತಂತ್ರಾಂಶ ಪತ್ರಗಳನ್ನು ಸರ್ವರಿನಿಂದ ಇಳಿಸಿಕೊಂಡು ಪ್ರೊಫೈಲಿನೊಳಗಿನ ಫೈಲಿಗೆ ಹಾಕುತ್ತದೆ. ‘ಸರ್ವರಿನಲ್ಲಿ ಪ್ರತಿ ಉಳಿಸು’ ಎಂದು ಗುರುತು ಹಾಕದಿದ್ದರೆ ಅಲ್ಲಿಂದ ಅಳಿಸಿಯೂ ಬಿಡುತ್ತದೆ. ಆಗ ಮೊದಲು ಗುಂಡಿ ಒತ್ತಿದವರಿಗೆ ಪತ್ರ, ತಡವಾಗಿ ಬಂದವರಿಗೆ ಖಾಲಿ ಪೆಟ್ಟಿಗೆ. ರಸೀದಿ ಕಾರ್ಯದರ್ಶಿಯ ಬಳಿ, ಅದಕ್ಕೆ ಸಂಬಂಧಿಸಿದ ಬಿಲ್ಲು ಖಜಾಂಚಿಯ ಬಳಿ! 1986ರಲ್ಲಿ ಸ್ಟ್ಯಾನ್‌ಫೋರ್ಡ್‌ನಲ್ಲಿದ್ದ ಮಾರ್ಕ್ ಕ್ರಿಸ್ಪಿನ್ ರೂಪಿಸಿದ ಐಮ್ಯಾಪ್ ಇದನ್ನು ತಿರುಗುಮುರುಗು ಮಾಡಿತು. ಅದರಲ್ಲಿ ಮೂಲ ಪತ್ರ ಸರ್ವರಿನಲ್ಲೇ ಇರುತ್ತದೆ. ಓದಿದೆ, ಉತ್ತರಿಸಿದೆ ಎಂಬ ಗುರುತುಗಳೂ ಅಲ್ಲೇ. ಖಜಾಂಚಿ ಉತ್ತರ ಬರೆದರೆ ಕಾರ್ಯದರ್ಶಿಯ ಪರದೆಯಲ್ಲಿ ಬಾಣದ ಗುರುತು ಬೀಳುತ್ತದೆ. ಇಬ್ಬರಿಗೂ ಬೇರೆಬೇರೆ ಪ್ರೊಫೈಲ್, ಪತ್ರ ಮಾತ್ರ ಒಂದೇ. ಇದಕ್ಕಿಂತ ಮೇಲಾದ ದಾರಿ ಜಿಮೇಲ್‌ನಲ್ಲಿದೆ. ಪಾಸ್‌ವರ್ಡ್ ಹೇಳದೆಯೇ ನಿಮ್ಮ ಅಂಚೆಪೆಟ್ಟಿಗೆಯನ್ನು ನೋಡುವ ಅಧಿಕಾರವನ್ನು ಇನ್ನೊಬ್ಬರ ಖಾತೆಗೆ ಕೊಡಬಹುದು, ಬೇಡವಾದ ದಿನ ಹಿಂತೆಗೆದುಕೊಳ್ಳಬಹುದು.

ಹಾಗಾದರೆ ಕ್ರೋಮ್‌ನಲ್ಲಿ ಮನೆಯ ನಾಲ್ವರಿಗೂ ನಾಲ್ಕು ಪ್ರೊಫೈಲ್ ಮಾಡಿಬಿಟ್ಟರೆ ಮುಗಿಯಿತೆ? ಅರ್ಧ ಮುಗಿಯಿತು. ಕುಕಿ, ಬುಕ್‌ಮಾರ್ಕ್, ಪಾಸ್‌ವರ್ಡ್ ಬೇರೆಯಾಗುತ್ತವೆ, ಅರ್ಜಿ ತಪ್ಪು ವಿಳಾಸದಿಂದ ಹೋಗುವುದು ತಪ್ಪುತ್ತದೆ. ಆದರೆ ಮೂಲೆಯ ಚಿತ್ರ ಒತ್ತಿ ಯಾರು ಬೇಕಾದರೂ ಯಾರ ಪ್ರೊಫೈಲಿಗಾದರೂ ಹೋಗಬಹುದು. ನಂಬಿಕೆ ಇರುವವರ ಜೊತೆ ಮಾತ್ರ ಕಂಪ್ಯೂಟರ್ ಹಂಚಿಕೊಳ್ಳಿ ಎಂದು ಗೂಗಲ್ ತಾನೇ ಎಚ್ಚರಿಸುತ್ತದೆ. ಬ್ರೌಸರ್ ಪ್ರೊಫೈಲ್ ನಡುಮನೆಗೆ ಕಟ್ಟಿದ ಪರದೆ. ಚಿಲಕವಿರುವ ಬಾಗಿಲು ಬೇಕಾದರೆ ವಿಂಡೋಸ್, ಮ್ಯಾಕ್ ಅಥವಾ ಲಿನಕ್ಸ್‌ನಲ್ಲಿ ಪ್ರತಿಯೊಬ್ಬರಿಗೂ ಬೇರೆ ಬಳಕೆದಾರ ಖಾತೆ ತೆರೆಯಬೇಕು.

ಆಗ ಪ್ರತಿ ಫೈಲಿಗೂ ಒಬ್ಬ ಒಡೆಯ, ಯಾರು ಓದಬಹುದು ಯಾರು ತಿದ್ದಬಹುದು ಎಂಬ ಒಂದು ಪಟ್ಟಿ ಇರುತ್ತದೆ. ಯಾವ ತಂತ್ರಾಂಶ ಫೈಲನ್ನು ಕೇಳಿದರೂ ಆಪರೇಟಿಂಗ್ ಸಿಸ್ಟಮ್ ಮೊದಲು ಆ ಪಟ್ಟಿ ನೋಡುತ್ತದೆ. ಎಲ್ಲ ಕಾಲಕ್ಕೂ ಹೀಗಿರಲಿಲ್ಲ. ವಿಂಡೋಸ್ 95 ಪಾಸ್‌ವರ್ಡ್ ಕೇಳುತ್ತಿತ್ತಾದರೂ ಎಸ್ಕೇಪ್ ಕೀಲಿ ಒತ್ತಿದರೆ ಸುಮ್ಮನೆ ಒಳಗೆ ಬಿಡುತ್ತಿತ್ತು! 2001ರ ವಿಂಡೋಸ್ ಎಕ್ಸ್‌ಪಿಯಿಂದೀಚೆಗೆ ಮನೆಯ ಕಂಪ್ಯೂಟರಿಗೂ ನಿಜವಾದ ಖಾತೆಗಳು ಬಂದವು. ಈ ಬಾಗಿಲಿಗೂ ಮಿತಿಯಿದೆ. ಅಡ್ಮಿನಿಸ್ಟ್ರೇಟರ್ ಖಾತೆ ಇರುವವರು ಎಲ್ಲರ ಫೋಲ್ಡರನ್ನೂ ತೆರೆಯಬಲ್ಲರು. ಹಾಗಾಗಿ ಆ ಖಾತೆ ಮನೆಯಲ್ಲಿ ಒಂದೇ ಇದ್ದು, ಉಳಿದವು ಸಾಮಾನ್ಯ ಖಾತೆಗಳಾಗಿರುವುದು ಒಳ್ಳೆಯದು. ಡಿಸ್ಕನ್ನೇ ಬಿಚ್ಚಿ ಬೇರೆ ಯಂತ್ರಕ್ಕೆ ಹಾಕುವವರನ್ನು ತಡೆಯಲು ಇಡೀ ಡಿಸ್ಕ್ ಗೂಢಲಿಪಿಯಲ್ಲಿರಬೇಕು. ಫೈರ್‌ಫಾಕ್ಸ್ ಬಳಸುವವರು ‘ಪ್ರೈಮರಿ ಪಾಸ್‌ವರ್ಡ್’ ಒಂದನ್ನು ಇಟ್ಟುಕೊಳ್ಳಲಿ. ಅದಿಲ್ಲದಿದ್ದರೆ ಪ್ರೊಫೈಲ್ ಫೋಲ್ಡರನ್ನು ಪೆನ್‌ಡ್ರೈವ್‌ಗೆ ನಕಲು ಮಾಡಿಕೊಂಡವರಿಗೆ ಬೀಗದ ಜೊತೆ ಕೀಲಿಯೂ ಸಿಕ್ಕಂತೆ.

ಸೈಬರ್ ಸೆಂಟರಿನಲ್ಲಿ, ಕಾಲೇಜಿನ ಲ್ಯಾಬಿನಲ್ಲಿ ನಮಗೆಂದು ಖಾತೆ ಸಿಗುವುದಿಲ್ಲ. ಅಲ್ಲಿ ಬ್ರೌಸರಿನ ಗೆಸ್ಟ್ ಕಿಟಕಿ ತೆರೆದು ಕೆಲಸ ಮಾಡಿ ಪೂರ್ತಿ ಮುಚ್ಚಿದರೆ ಕುಕಿಗಳು ಅಳಿಯುತ್ತವೆ. ಲಾಗ್‌ಔಟ್ ಮಾಡಲು ಮರೆತು ಬಂದರೆ ಮನೆಗೆ ಬಂದ ಮೇಲೂ ದಾರಿಯಿದೆ: ಗೂಗಲ್ ಖಾತೆಯ ‘ನಿಮ್ಮ ಸಾಧನಗಳು’ ಪಟ್ಟಿಯಲ್ಲಿ ಆ ಕಂಪ್ಯೂಟರನ್ನು ಹುಡುಕಿ ಅಲ್ಲಿಂದಲೇ ಸೈನ್‌ಔಟ್ ಮಾಡಬಹುದು. ಮಾಡಿದೊಡನೆ ಅಲ್ಲಿ ಉಳಿದ ಕುಕಿ ಕೆಲಸಕ್ಕೆ ಬಾರದ್ದಾಗುತ್ತದೆ. ಆದರೆ ಡೌನ್‌ಲೋಡ್ ಮಾಡಿಕೊಂಡ ಅಂಕಪಟ್ಟಿ, ಆಧಾರ್ ಪ್ರತಿಗಳನ್ನು ಗೆಸ್ಟ್ ಕಿಟಕಿಯೂ ಅಳಿಸದು, ದೂರದಿಂದ ಮಾಡಿದ ಸೈನ್‌ಔಟೂ ಅಳಿಸದು. ಅವು ‘ಡೌನ್‌ಲೋಡ್ಸ್’ ಫೋಲ್ಡರಿನಲ್ಲಿ ಹಾಗೇ ಉಳಿಯುತ್ತವೆ. ಏಳುವ ಮುನ್ನ ಅವನ್ನು ಅಳಿಸಿ, ರೀಸೈಕಲ್ ಬಿನ್ನನ್ನೂ ಖಾಲಿ ಮಾಡಬೇಕಾದವರು ನಾವೇ.