ಕರು ಹಾಕಿದ ಹಸುವಿನ ಗರ್ಭಕೋಶವು ವಾಸಿಯಾಗುವ ಬಗೆ

ಹಸುವು ವರ್ಷಕ್ಕೊಂದು ಕರುವನ್ನು ಕೊಡಬೇಕೆಂಬುದು ದನ ಸಾಕುವವರೆಲ್ಲರ ಅಪೇಕ್ಷೆ. ಇದು ನೆರವೇರುವುದಕ್ಕೆ ಎಷ್ಟು ದಿನಗಳ ಅವಕಾಶವಿರುವುದೆಂಬ ಲೆಕ್ಕವನ್ನು ಮಾತ್ರ ಬಹು ಮಂದಿ ಹಾಕಿ ನೋಡಿರುವುದಿಲ್ಲ. ಗಬ್ಬದ ಕಾಲವು ಸುಮಾರು ೨೮೦ ದಿನಗಳು. ವರ್ಷದ ೩೬೫ ದಿನಗಳಲ್ಲಿ ಇದನ್ನು ಕಳೆದರೆ ಉಳಿಯುವುದು ೮೫ ದಿನಗಳು. ಅಷ್ಟರೊಳಗಾಗಿ ಹಸುವು ಮರಳಿ ಗಬ್ಬವಾಗತಕ್ಕದ್ದು. ಈ ೮೫ರಲ್ಲಿ ಮೊದಲಿನ ೪೦-೫೦ ದಿನಗಳು ಗರ್ಭಕೋಶದ ಒಳಗಿನ ಗಾಯವು ಮಾಯುವುದಕ್ಕೇ ಬೇಕಾಗುವುವು. ಬೆದೆಯು ಸುಮಾರು ೨೧ ದಿನಗಳಿಗೊಮ್ಮೆ ಬರುವುದರಿಂದ ರೈತನ ಕೈಗೆ ಸಿಕ್ಕುವುದು ಒಂದೆರಡು ಬೆದೆಗಳು ಮಾತ್ರ. ಗಾಯವು ಮಾಯದೆ ಕೆಟ್ಟರೆ ಆ ಬೆದೆಗಳೂ ವ್ಯರ್ಥವಾಗಿ, ಹಾಲಿಲ್ಲದ ಹಸುವಿಗೆ ತಿಂಗಳುಗಟ್ಟಲೆ ಮೇವು ಹಾಕಬೇಕಾಗುವುದು. "ಗಬ್ಬ ನಿಲ್ಲುವುದಿಲ್ಲ" ಎಂದು ಕಡಮೆ ಬೆಲೆಗೆ ಮಾರಲ್ಪಡುವ ಹಸುಗಳಲ್ಲಿ ಎಷ್ಟೋ ಹಸುಗಳು ಬಂಜೆಗಳಲ್ಲ. ಕರು ಹಾಕಿದ ಮೊದಲ ಮೂರು ವಾರಗಳ ಆರೈಕೆಯು ತಪ್ಪಿದುದರ ಫಲವನ್ನು ಅನುಭವಿಸುತ್ತಿರುವುವು.

ಮೈಸೂರು ನಗರಕ್ಕೂ ಈ ವಿಷಯಕ್ಕೂ ಹಳೆಯ ಸಂಬಂಧವುಂಟು. ಭಾರತದಲ್ಲಿ ಕೃತಕ ಗರ್ಭಧಾರಣೆಯು ಮೊದಲು ನಡೆದುದು ೧೯೩೯ರಲ್ಲಿ, ಇಲ್ಲಿಯ ಅರಮನೆಯ ಡೈರಿ ಫಾರಂನಲ್ಲಿ. ಡಾಕ್ಟರ್ ಸಂಪತ್ ಕುಮಾರನ್ ರವರು ಹೋಲ್‌ಸ್ಟೀನ್ ಫ್ರೀಸಿಯನ್ ಹೋರಿಯ ವೀರ್ಯವನ್ನು ಹಳ್ಳಿಕಾರ್ ಹಸುಗಳಿಗೆ ಸೇರಿಸಲಾಗಿ ೩೩ ಹಸುಗಳು ಗಬ್ಬವಾದುವು. ಇಂದು ಈ ಕ್ರಮವು ಹಳ್ಳಿ ಹಳ್ಳಿಗೂ ಬಂದಿರುವುದು. ಆದರೆ ಬೀಜವೆಷ್ಟೇ ಉತ್ತಮವಾದರೂ ಹೊಲವು ಹದವಾಗಿರಬೇಕೆಂಬುದನ್ನು ಬೇಸಾಯಗಾರರಿಗೆ ಹೇಳಿಕೊಡಬೇಕಾಗಿಲ್ಲ. ಮೂರು ನಾಲ್ಕು ಸಲ ವೀರ್ಯದಾನ ಮಾಡಿಸಿ, ಹಸುವು ನಿಲ್ಲಲಿಲ್ಲವೆಂದು ಸೂಜಿಯವನನ್ನು ದೂರುವವರು ಗರ್ಭಕೋಶದ ಸ್ಥಿತಿಯನ್ನು ಒಮ್ಮೆಯಾದರೂ ಪರೀಕ್ಷೆ ಮಾಡಿಸಿರುವುದು ಅಪೂರ್ವ.

ಗಬ್ಬದ ಕಾಲದಲ್ಲಿ ಗರ್ಭಕೋಶದ ಒಳಮೈಯಲ್ಲಿ ಸುಮಾರು ೭೦ರಿಂದ ೧೨೦ ಗಂಟುಗಳು ಬೆಳೆದಿರುವುವು. ಕರುವನ್ನು ಸುತ್ತಿದ ಸತ್ತೆಯು ಈ ಗಂಟುಗಳಿಗೆ ಗುಂಡಿ ಹಾಕಿದಂತೆ ಅಂಟಿಕೊಂಡು ತಾಯಿಯಿಂದ ಆಹಾರವನ್ನು ಪಡೆಯುವುದು. ಕರು ಬಿದ್ದ ಮೇಲೆ ಸತ್ತೆಯು ಕಳಚಿ ಬೀಳಲು, ಅಷ್ಟು ಗಂಟುಗಳೂ ಹಸಿ ಗಾಯಗಳಾಗಿ ಉಳಿಯುವುವು. ದೊಡ್ಡ ಸೀಮೆಹಸುವಿನಲ್ಲಿ ಕರು ಹಾಕಿದ ದಿವಸ ಸುಮಾರು ೯ ಕಿಲೋಗ್ರಾಂ ತೂಗುವ ಗರ್ಭಕೋಶವು ಒಂದು ತಿಂಗಳೊಳಗೆ ಒಂದು ಕಿಲೋಗ್ರಾಂಗೆ ಇಳಿಯುವುದು. ಸುಮಾರು ಹನ್ನೆರಡನೆಯ ದಿನದ ವೇಳೆಗೆ ಗಂಟುಗಳ ಮೇಲ್ಭಾಗವು ಕೊಳೆತು ಉದುರಿ, ಸುತ್ತಣ ಚರ್ಮವೂ ಅಲ್ಲಿರುವ ಗ್ರಂಥಿಗಳ ಬಾಯಿಯ ಚರ್ಮವೂ ಹರಿದು ಬಂದು ಗಾಯವನ್ನು ಮುಚ್ಚತೊಡಗುವುವು. ನಾಲ್ಕು ವಾರಗಳ ಸುಮಾರಿಗೆ ಹೊಸ ಒಳಚರ್ಮವು ಕೂಡಿಕೊಳ್ಳುವುದು. ಅದರ ಕೆಳಗಿನ ಮಾಂಸವು ಗಟ್ಟಿಯಾಗುವುದಕ್ಕೆ ಇನ್ನೂ ಎರಡು ಮೂರು ವಾರಗಳು ಹಿಡಿಯುವುವು. ಹೊರಗೆ ನೊಗ ತಿಂದ ಹೆಗಲಿನ ಗಾಯವನ್ನು ದಿನವೂ ಕಂಡು ಎಣ್ಣೆ ಹಚ್ಚುವ ನಾವು, ಅದಕ್ಕಿಂತ ನೂರು ಪಾಲು ದೊಡ್ಡದಾದ ಈ ಗಾಯವು ಕಣ್ಣಿಗೆ ಬೀಳದುದರಿಂದ ಮರೆತುಬಿಡುವೆವು.

ಗಾಯವಿರುವೆಡೆಗೆ ರೋಗಾಣುಗಳು ಬಾರದಿರವು. ಕರು ಹಾಕಿದ ಎರಡು ವಾರಗಳಲ್ಲಿ ಹೆಚ್ಚು ಕಡಮೆ ಎಲ್ಲ ಹಸುಗಳ ಗರ್ಭಕೋಶದಲ್ಲಿಯೂ ಕ್ರಿಮಿಗಳಿರುವುವೆಂದು ಪರೀಕ್ಷೆಗಳಿಂದ ತಿಳಿದುಬಂದಿರುವುದು. ಹೀಗಿದ್ದರೂ ಹಲವು ಹಸುಗಳು ಯಾವ ಔಷಧವೂ ಇಲ್ಲದೆ ವಾಸಿಯಾಗುವುವು. ಇದರ ಮರ್ಮವು ಈಚಿನ ಕೆಲವು ದಶಕಗಳಲ್ಲಿ ಬಯಲಾಗಿರುವುದು. ದೇಹದ ಕಣಗಳ ಮೇಲೆ ಶತ್ರುವನ್ನು ಗುರುತಿಸುವ ಕಾವಲು ಅಣುಗಳಿರುವುವು. ಇವುಗಳಿಗೆ ಟೋಲ್ ಗ್ರಾಹಕಗಳೆಂದು ಹೆಸರು. ಹಣ್ಣಿನ ನೊಣದಲ್ಲಿ ಇವುಗಳ ಕೆಲಸವನ್ನು ೧೯೯೬ರಲ್ಲಿ ತೋರಿಸಿದ ಜೂಲ್ಸ್ ಹಾಫ್‌ಮನ್ನರಿಗೂ, ಇಲಿಯಲ್ಲಿ ೧೯೯೮ರಲ್ಲಿ ತೋರಿಸಿದ ಬ್ರೂಸ್ ಬಾಯ್ಟ್ಲರ್‌ರಿಗೂ ೨೦೧೧ರಲ್ಲಿ ನೊಬೆಲ್ ಬಹುಮಾನವು ದೊರೆಯಿತು. ಗರ್ಭಕೋಶದ ಒಳಚರ್ಮದ ಕಣಗಳಲ್ಲಿಯೂ ಈ ಕಾವಲು ಉಂಟು. ಸೆಗಣಿಯಲ್ಲಿರುವ ಈ. ಕೋಲಿ ಎಂಬ ಕ್ರಿಮಿಯ ಹೊರಪೊರೆಯು ಸೋಂಕಿದೊಡನೆಯೇ ಆ ಕಣಗಳು ಇಂಟರ್‌ಲ್ಯೂಕಿನ್ ಎಂಬ ಸಂದೇಶವಸ್ತುಗಳನ್ನು ಹೊರಡಿಸುವುವು. ಬಣವೆಗೆ ಬೆಂಕಿ ಬಿದ್ದಾಗ ಕೂಗು ಹಾಕಿ ಊರನ್ನು ಕೂಡಿಸುವಂತೆ, ಈ ಸಂದೇಶವು ರಕ್ತದಲ್ಲಿರುವ ಬಿಳಿಯ ಕಣಗಳನ್ನು ಕರೆದು ತರುವುದು. ಅವು ಕ್ರಿಮಿಗಳನ್ನು ನುಂಗಿ ಕೊಲ್ಲುವುವು. ಅನಂತರ ಬರುವ ಬೇರೊಂದು ಜಾತಿಯ ಕಣಗಳು ಸತ್ತ ಮಾಂಸವನ್ನು ತಿಂದು ಗುಡಿಸಿ, ಹೊಸ ರಕ್ತನಾಳವೂ ಹೊಸ ಚರ್ಮವೂ ಬೆಳೆಯುವಂತೆ ಪ್ರೇರಿಸುವುವು. ಉರಿಯೂತವೆಂಬುದು ಇದೇ. ಆದುದರಿಂದ ಅದು ಸ್ವತಃ ರೋಗವಲ್ಲ, ದುರಸ್ತಿಯ ಮೊದಲ ಕೆಲಸ.

ಬೆಂಕಿಯು ಆರಿದ ಮೇಲೂ ಕೂಗು ನಿಲ್ಲದಿದ್ದರೆ ಮಾತ್ರ ಕೇಡು. ಸತ್ತ ಸತ್ತೆಯ ಚೂರುಗಳು ಉಳಿದುಕೊಂಡರೆ, ಅಥವಾ ಟ್ರೂಪರೆಲ್ಲ ಎಂಬ ಕೀವಿನ ಕ್ರಿಮಿಯು ನೆಲೆಯೂರಿದರೆ, ಬಿಳಿಯ ಕಣಗಳು ಬಂದು ಬಂದು ಸತ್ತು ಕೀವಾಗುವುವು. ಈ ಕ್ರಿಮಿಯು ಸುರಿಸುವ ವಿಷವು ಚರ್ಮ ಹೋದೆಡೆಯಲ್ಲಿರುವ ಕಣಗಳನ್ನು ತೂತು ಮಾಡಿ ಕೊಲ್ಲುವುದು. ಇನ್ನೂ ಒಂದು ಸೂಕ್ಷ್ಮವುಂಟು. ಬೆದೆಯ ಚಕ್ರವು ತಿರುಗಬೇಕಾದರೆ ಗರ್ಭಕೋಶವು ಪ್ರೋಸ್ಟಗ್ಲಾಂಡಿನ್ ಎಫ್ ಎಂಬ ರಸವನ್ನು ಕಳುಹಿಸಬೇಕು. ಕ್ರಿಮಿಗಳಿಂದ ಕೆಣಕಲ್ಪಟ್ಟ ಒಳಚರ್ಮವು ಅದರ ಬದಲು ಪ್ರೋಸ್ಟಗ್ಲಾಂಡಿನ್ ಈ ಎಂಬುದನ್ನು ಹೆಚ್ಚಾಗಿ ತಯಾರಿಸುವುದು. ಇದರಿಂದ ಕೆಲವು ಹಸುಗಳು ಬೆದೆಗೇ ಬಾರದೆ ಕೀವನ್ನು ಹೊತ್ತುಕೊಂಡು ನಿಂತಿರುವುವು. ಮಾಲಿಕನು ಗಬ್ಬವಾಗಿದೆಯೆಂದು ಸಂತೋಷಪಡುತ್ತಿರುವನು!

ನಮ್ಮ ಕಡೆ ನಡೆಯುವ ಕೆಲವು ಪದ್ಧತಿಗಳನ್ನು ಇಲ್ಲಿ ಹೇಳಲೇಬೇಕಾಗಿದೆ. ಸತ್ತೆಯು ಸಾಮಾನ್ಯವಾಗಿ ೧೨ ಗಂಟೆಗಳೊಳಗೆ ಬೀಳುವುದು. ಬೀಳದಿದ್ದರೆ ಅದಕ್ಕೆ ಕಲ್ಲನ್ನೋ ಹಳೆಯ ಕೆರವನ್ನೋ ಕಟ್ಟಿ ತೂಗಬಿಡುವುದುಂಟು. ಇದು ಸತ್ತೆಯನ್ನು ನಡುವೆ ಹರಿದು, ಉಳಿದ ಭಾಗವನ್ನು ಒಳಗೇ ಬಿಡುವುದು. ಕೈ ಹಾಕಿ ಕೀಳುವುದು ಇದಕ್ಕಿಂತಲೂ ಕೆಟ್ಟದು. ಗಂಟುಗಳು ಕಿತ್ತು ಬಂದು ಗಾಯವು ಎರಡು ಪಾಲಾಗುವುದು. ಸತ್ತೆಯನ್ನು ಕಳಚುವುದಕ್ಕೂ ಬಿಳಿಯ ಕಣಗಳೇ ಸಹಾಯ ಮಾಡುವುವೆಂದೂ, ಅವುಗಳ ಶಕ್ತಿಯು ಗಬ್ಬದ ಕೊನೆಯಲ್ಲಿ ಕುಂದಿದ ಹಸುಗಳಲ್ಲಿಯೇ ಸತ್ತೆಯು ನಿಲ್ಲುವುದೆಂದೂ ಈಗ ತಿಳಿದಿರುವುದು. ಅಂದಮೇಲೆ ಎಳೆದು ಫಲವೇನು? ಬಿದಿರಿನ ಸೊಪ್ಪನ್ನು ತಿನ್ನಿಸುವ ವಾಡಿಕೆಯನ್ನು ನಾನು ಆಕ್ಷೇಪಿಸುವುದಿಲ್ಲ, ಆದರೆ ಅದನ್ನು ನಂಬಿ ೨೪ ಗಂಟೆ ಮೀರಿ ಕಾಯುವುದು ಸಲ್ಲದು. ೧೯೬೨ ಎಂಬ ಸಂಖ್ಯೆಗೆ ದೂರವಾಣಿ ಮಾಡಿದರೆ ಪಶುವೈದ್ಯರ ನೆರವು ದೊರೆಯುವುದು.

ವೈದ್ಯರನ್ನು ಯಾವಾಗ ಕರೆಯಬೇಕು, ಯಾವಾಗ ಬೇಕಾಗಿಲ್ಲ ಎಂಬುದಕ್ಕೆ ಮೂಗೇ ಒಳ್ಳೆಯ ಸಾಧನ. ಎರಡು ವಾರಗಳವರೆಗೆ ವಾಸನೆಯಿಲ್ಲದ ಕೆಂಗಂದು ಲೋಳೆಯು ಬೀಳುತ್ತಿದ್ದು, ಹಸುವು ಮೇವು ತಿನ್ನುತ್ತಿದ್ದರೆ ಸುಮ್ಮನಿರತಕ್ಕದ್ದು. ಇಂತಹ ಹಸುವಿನ ಗರ್ಭಕೋಶಕ್ಕೆ ತೀಕ್ಷ್ಣವಾದ ಔಷಧಗಳನ್ನು ಏರಿಸಿ ತೊಳೆಯಿಸುವುದು ಚಿಗುರುತ್ತಿರುವ ಚರ್ಮವನ್ನು ಸುಟ್ಟಂತೆಯೇ ಸರಿ. ನೀರಿನಂತಹ ದುರ್ಗಂಧದ ಸ್ರಾವ, ೧೦೩ ಡಿಗ್ರಿ ಮೀರಿದ ಜ್ವರ, ಹಾಲು ಇಳಿಯುವುದು, ಮೇವು ಬಿಡುವುದು, ಇವು ಕಂಡರೆ ಅಂದೇ ಕರೆಯಬೇಕು. ಮೂರು ವಾರಗಳು ಕಳೆದ ಮೇಲೂ ಬಿಳಿಯ ಕೀವು ಬಿದ್ದರೆ ಗಾಯವು ಮಾದಿಲ್ಲವೆಂದು ತಿಳಿಯತಕ್ಕದ್ದು. ಬೆದೆ ಮುಗಿದ ಒಂದೆರಡು ದಿನಗಳಲ್ಲಿ ಕೆಲವು ಹಸುಗಳಿಗೆ ತುಸು ರಕ್ತ ಕಾಣುವುದು ಬೇರೆ ವಿಷಯ, ಅದಕ್ಕೆ ಹೆದರಬೇಕಾಗಿಲ್ಲ. ಕೊಟ್ಟಿಗೆಯಲ್ಲಿ ಇವನ್ನೆಲ್ಲ ಮೊದಲು ಕಾಣುವವರು ಹಾಲು ಕರೆಯುವ ಹೆಂಗಸರು. ಗಂಡಸರೊಡನೆ ಈ ಮಾತನ್ನಾಡಲು ಅವರು ಸಂಕೋಚಪಡುವುದರಿಂದ ಎಷ್ಟೋ ಮನೆಗಳಲ್ಲಿ ವಾರಗಳು ಕಳೆದುಹೋಗುವುವು. ಮನೆಯ ಯಜಮಾನರೇ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು.

ಬಿಳಿಯ ಕಣಗಳಿಗೂ ಮೇವು ಬೇಕು. ಕರು ಹಾಕಿದ ಹಸುವು ತಿಂದುದಕ್ಕಿಂತ ಹೆಚ್ಚಾಗಿ ಹಾಲಿಗೆ ವೆಚ್ಚ ಮಾಡುವುದು. ರಕ್ತದಲ್ಲಿ ಸಕ್ಕರೆಯೂ ಸುಣ್ಣದ ಸತ್ವವೂ ಇಳಿದಾಗ ಕಾವಲು ಸಡಿಲವಾಗುವುದು. ಹಾಲು ಬತ್ತಿದ ಎರಡು ತಿಂಗಳಲ್ಲಿ ಹಿಂಡಿಯನ್ನು ನಿಲ್ಲಿಸಿ ಬರಿಯ ಹುಲ್ಲಿನ ಮೇಲೆ ಬಿಡುವ ಮಿತವ್ಯಯವು ಸುಳ್ಳು ಮಿತವ್ಯಯ. ಕರು ಹಾಕುವ ಸ್ಥಳವು ಒಣಗಿದ, ಹೊಸ ಹುಲ್ಲು ಹಾಸಿದ ನೆಲವಾಗಿರಬೇಕು.

ಏಳೆಂಟನೆಯ ತಿಂಗಳಲ್ಲಿ ಕಂದು ಹಾಕಿದ ಹಸುವಿನ ವಿಷಯದಲ್ಲಿ ವಿಶೇಷವಾಗಿ ಎಚ್ಚರವಾಗಿರಬೇಕು. ಬ್ರೂಸೆಲ್ಲ ಎಂಬ ಕಂದು ರೋಗವಿರಬಹುದು. ಅದರ ಸತ್ತೆಯನ್ನು ಬರಿಗೈಯಲ್ಲಿ ಮುಟ್ಟಿದವರಿಗೂ ಕಾಯಿಸದ ಹಾಲನ್ನು ಕುಡಿದವರಿಗೂ ಬಿಟ್ಟು ಬಿಟ್ಟು ಬರುವ ಜ್ವರವು ತಗಲುವುದು. ಸತ್ತೆಯನ್ನು ಸುಣ್ಣ ಹಾಕಿ ಆಳವಾಗಿ ಹೂಳತಕ್ಕದ್ದು. ೪ರಿಂದ ೮ ತಿಂಗಳ ಹೆಣ್ಣು ಕರುಗಳಿಗೆ ಒಮ್ಮೆ ಚುಚ್ಚುಮದ್ದು ಹಾಕಿಸುವ ಕಾರ್ಯಕ್ರಮವನ್ನು ಕೇಂದ್ರ ಸರ್ಕಾರವು ೨೦೧೯ರಲ್ಲಿ ಆರಂಭಿಸಿತು. ಊರಿನ ಮುಖಂಡರು ಮುಂದೆ ನಿಂತು ಕರುಗಳನ್ನು ಕೂಡಿಸಿದರೆ ಒಂದೇ ದಿನದಲ್ಲಿ ಕೆಲಸ ಮುಗಿಯುವುದು.

ಚುಂಚನಕಟ್ಟೆ, ಮುಡುಕುತೊರೆ ಮೊದಲಾದ ಜಾತ್ರೆಗಳಲ್ಲಿ ಈದ ಹಸುವನ್ನು ಕೊಳ್ಳುವವರು ಹಲ್ಲು, ಸುಳಿ, ಕೆಚ್ಚಲುಗಳನ್ನು ನೋಡುವರೇ ಹೊರತು ಬಾಲವನ್ನು ಎತ್ತಿ ನೋಡುವುದಿಲ್ಲ. ಬಾಲದ ಕೂದಲಿಗೂ ತೊಡೆಯ ಹಿಂಭಾಗಕ್ಕೂ ಅಂಟಿ ಒಣಗಿದ ಕೀವಿನ ಹಕ್ಕಳೆ ಇರುವುದೋ ಎಂದು ನೋಡಬೇಕು. ಬಾಲವನ್ನು ಮಾತ್ರ ಆಗತಾನೆ ತೊಳೆದಂತಿದ್ದರೆ, ಹಸುವು ಕರು ಹಾಕಿ ಎಷ್ಟು ದಿನವಾಯಿತು, ಸತ್ತೆ ಯಾವಾಗ ಬಿದ್ದಿತು ಎಂಬ ಎರಡು ಪ್ರಶ್ನೆಗಳನ್ನು ಕೇಳಿ, ಬೆಲೆಯ ಮಾತನ್ನು ಆಮೇಲೆ ಎತ್ತತಕ್ಕದ್ದು.