ಕಾರ್ಖಾನೆಯ ಹೊಗೆಯನ್ನು ಲೆಕ್ಕ ಹಾಕುವುದು ಹೇಗೆ?

ಬಳ್ಳಾರಿ, ಕುರುಗೋಡು, ಸಿರುಗುಪ್ಪದ ರೈತರಿಗೆ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯೂ ಕುಡತಿನಿಯ 1,700 ಮೆಗಾವಾಟ್ ಶಾಖೋತ್ಪನ್ನ ವಿದ್ಯುತ್ ಸ್ಥಾವರವೂ ಪರಿಚಿತ. ಇಂತಹ ಉದ್ದಿಮೆಗಳು ಪರಿಸರದ ಮೇಲೆ ನೇರವಾಗಿ ಹೊರಿಸುವ ಹೊರೆಯನ್ನು ಅಳೆಯುವ ಕ್ರಮವನ್ನು ರೈತರೂ ತಿಳಿದಿರುವುದು ಅವಶ್ಯ.

ಕಂಪನಿಯ ಸ್ವಂತ ಕುಲುಮೆ, ಬಾಯ್ಲರ್, ವಾಹನಗಳಿಂದ ಹೊರಬೀಳುವುದೇ ನೇರ ಹೊರೆ. ಕೊಂಡ ವಿದ್ಯುತ್ತಿನದು ಬೇರೆ ಲೆಕ್ಕ. ಕಲ್ಲಿದ್ದಲಿನಲ್ಲಿರುವ 12 ಕಿಲೋ ಇಂಗಾಲ ಪೂರ್ತಿ ಉರಿದರೆ 44 ಕಿಲೋ ಇಂಗಾಲದ ಡೈ ಆಕ್ಸೈಡ್ ಉಂಟಾಗುತ್ತದೆ. ದೂಳನ್ನು ಮಾತ್ರ ಉಪಕರಣದಿಂದಲೇ ಅಳೆಯಬೇಕು. 2009ರ ರಾಷ್ಟ್ರೀಯ ಮಾನದಂಡದಂತೆ, 10 ಮೈಕ್ರಾನ್ ಹಾಗೂ ಅದಕ್ಕಿಂತ ಸಣ್ಣ ದೂಳು 24 ಗಂಟೆಗಳ ಸರಾಸರಿಯಲ್ಲಿ ಘನ ಮೀಟರ್ ಗಾಳಿಗೆ 100 ಮೈಕ್ರೋಗ್ರಾಂ ಮೀರಕೂಡದು.

ಷೇರುಪೇಟೆಯಲ್ಲಿರುವ 1,000 ಅತಿ ದೊಡ್ಡ ಕಂಪನಿಗಳು 2022-23ರಿಂದ ಇಂತಹ ವಿವರಗಳನ್ನು ವಾರ್ಷಿಕ ವರದಿಯಲ್ಲಿ ಕೊಡಬೇಕೆಂದು ಸೆಬಿ ವಿಧಿಸಿದೆ. ಓದುವಾಗ ಟನ್ ಉಕ್ಕಿಗೆ ಎಷ್ಟು, ಒಟ್ಟು ಎಷ್ಟು ಎಂಬೆರಡನ್ನೂ ನೋಡಿರಿ. ಎಕರೆಗೆ ಹಾಕುವ ಗೊಬ್ಬರವನ್ನು ಕಾಲುಭಾಗ ಇಳಿಸಿ, ಸಾಗುವಳಿಯನ್ನು ಇಮ್ಮಡಿಗೊಳಿಸಿದರೆ ಒಟ್ಟು ಗೊಬ್ಬರ ಒಂದೂವರೆ ಪಟ್ಟಾಗುತ್ತದಲ್ಲವೇ?

ವರದಿಯ ಅಂಕಿ ಇಡೀ ಕಂಪನಿಯದು, ನಿಮ್ಮ ಹೊಲದ್ದಲ್ಲ. ಮೆಣಸಿನ ಗಿಡದ ಎಲೆಗಳ ಮೇಲೆ ದೂಳು ಕೂತರೆ ದಿನಾಂಕ, ಗಾಳಿಯ ದಿಕ್ಕು ಬರೆದಿಟ್ಟು, ಮಾಲಿನ್ಯ ನಿಯಂತ್ರಣ ಮಂಡಳಿಯ ಬಳ್ಳಾರಿ ಕಚೇರಿಗೆ ಅರ್ಜಿ ಕೊಟ್ಟು ಅಳತೆಯ ಪ್ರತಿ ಕೇಳಿರಿ.